ಕವಿಯ ನಡುವಯಸ್ಸೂ ಪಾಠವಾಗಲಿ

ಮಾನ್ಯರೇ,

ಗಡಿನಾಡಿನ ಕವಿ ಕಯ್ಯಾರ ಕಿಞ್ಞಣ್ಣ ರೈಗಳನ್ನು ನಮ್ಮ ಮಕ್ಕಳಿಗೆ ಬರೀ ಜನ್ಮದಿನಾಂಕ ಮತ್ತು ಬಿರುದುಗಳ ಮೂಲಕ ಪರಿಚಯಿಸುತ್ತಿರುವುದು ಖೇದಕರ. ಮೊನ್ನೆ ಮೊಮ್ಮಗಳು ಶಾಲೆಯಿಂದ ತಂದ ಪರಿಚಯದ ಹಾಳೆಯಲ್ಲಿ 1915ರ ಜನನದ ಸಾಲು ಮುಗಿದದ್ದೇ ತಡ, ಸನ್ಮಾನಗಳ ಪಟ್ಟಿ ಶುರುವಾಗಿತ್ತು. ನಡುವಿನ ಬದುಕು ಪೂರಾ ಮಾಯ.

1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿದಾಗ ಅವರಿಗೆ ನಲುವತ್ತೊಂದು ವರ್ಷ. ಮನೆ, ತೋಟ, ಪಾಠ ಹೇಳುವ ಶಾಲೆ ಎಲ್ಲವೂ ಇದ್ದಲ್ಲಿಯೇ ಇದ್ದು, ರಾಜ್ಯ ಮಾತ್ರ ಕೈತಪ್ಪಿಹೋದ ಆ ವಿಚಿತ್ರ ನಷ್ಟವನ್ನು ಅವರು ಕವಿತೆಯಾಗಿಸಿದರು, ಕಾಸರಗೋಡನ್ನು ಕರ್ನಾಟಕಕ್ಕೆ ಸೇರಿಸಬೇಕೆಂಬ ಹೋರಾಟದ ವೇದಿಕೆಗೂ ಒಯ್ದರು. ನಡುವಯಸ್ಸಿನಲ್ಲಿ ಕಳೆದುಕೊಂಡವನು ಬರೆಯುವುದನ್ನು ನಿಲ್ಲಿಸಬೇಕಾಗಿಲ್ಲ ಎಂಬುದಕ್ಕೆ ಅವರು ನೆಲೆಸಿದ್ದ ಬದಿಯಡ್ಕಕ್ಕಿಂತ ಹತ್ತಿರದ ಉದಾಹರಣೆ ನಮ್ಮ ಮಕ್ಕಳಿಗೆ ಎಲ್ಲಿದೆ? (ಬಿರುದುಗಳು ಬೇಡವೆಂದಲ್ಲ, ಅವು ಕೊನೆಯಲ್ಲಿ ಬರಲಿ.)

ಆದುದರಿಂದ ಮುಂದಿನ ಜೂನ್ 8ರ ಜನ್ಮದಿನಾಚರಣೆಯಲ್ಲಿ ಭಾಷಣಗಳನ್ನು ಕಡಿಮೆ ಮಾಡಿ, 1956ರ ನಂತರ ಅವರು ಬರೆದ ಒಂದು ಕವಿತೆಯನ್ನಾದರೂ ಮಕ್ಕಳಿಂದಲೇ ಓದಿಸಿ, ಆ ದಿನಗಳನ್ನು ಕಂಡ ಊರಿನ ಹಿರಿಯರೊಬ್ಬರನ್ನು ತರಗತಿಗೆ ಕರೆದು ಮಾತನಾಡಿಸುವ ಏರ್ಪಾಡನ್ನು ಗಡಿನಾಡಿನ ಕನ್ನಡ ಶಾಲೆಗಳು ಮಾಡಬೇಕು.

– ಓರ್ವ ಓದುಗ, ಕಾಸರಗೋಡು