ಯಾಕೋಬ ಅಂತಲೇ ಇಡು ಮಗಳೇ

ಪುಟ್ಟೀ,

ನಿನ್ನ ಮೆಸೇಜು ಓದಿದೆ. ಮಗುವಿಗೆ ಮುತ್ತಾತನ ಹೆಸರು ಯಾಕೋಬ ಅಂತ ಇಡೋಣ ಅಂದುಕೊಂಡಿದ್ದೆ, ಇಂಟರ್ನೆಟ್ಟಲ್ಲಿ ನೋಡಿದರೆ ‘ಮೋಸಗಾರ’ ಅಂತ ಅರ್ಥ ಕೊಟ್ಟಿದ್ದಾರೆ, ಈಗ ಮನಸ್ಸು ಬರ್ತಿಲ್ಲ ಅಂತ ಬರೆದಿದ್ದೀಯ. ಆ ಒಂದು ಪದಕ್ಕೆ ಹೆದರಬೇಡ.

ಹೀಬ್ರೂ ಭಾಷೆಯಲ್ಲಿ ಅಕೇವ್ ಅಂದರೆ ಹಿಮ್ಮಡಿ. ಅವಳಿಗಳಲ್ಲಿ ಎರಡನೆಯವನು ಅಣ್ಣನ ಹಿಮ್ಮಡಿ ಹಿಡಿದುಕೊಂಡೇ ಹುಟ್ಟಿದ, ಅದಕ್ಕೆ ಯಾಕೋಬ ಅಂತ ಕರೆದರು. ಇದು ಬೈಬಲಿನ ಮೊದಲ ಪುಸ್ತಕ ಆದಿಕಾಂಡದ 25ನೇ ಅಧ್ಯಾಯದಲ್ಲಿದೆ. ಮೋಸದ ಮಾತು ಬರುವುದು 27ರಲ್ಲಿ. ಅಪ್ಪನ ಆಶೀರ್ವಾದ ತಮ್ಮನ ಪಾಲಾಯಿತು ಅಂತ ಗೊತ್ತಾದಾಗ ಅಣ್ಣ ಏಸಾವ ಅಳುತ್ತಾ, ಇವನಿಗೆ ತಕ್ಕ ಹೆಸರನ್ನೇ ಇಟ್ಟಿದ್ದಾರೆ, ಎರಡು ಸಲ ನನಗೆ ಮೋಸ ಮಾಡಿದ ಅನ್ನುತ್ತಾನೆ. ಅದು ನೊಂದ ಅಣ್ಣನ ಮಾತು, ಹೆಸರಿಟ್ಟವರದ್ದಲ್ಲ. ಭಾಷೆ ಬಲ್ಲವರು ಹೇಳುವುದು ಇನ್ನೂ ಬೇರೆ. ಇದು ಒಂದು ಉದ್ದ ಹೆಸರಿನ ಮೊಟಕು ರೂಪ ಇರಬೇಕು, ಕೊನೆಯಲ್ಲಿ ‘ಏಲ್’ ಅಂದರೆ ದೇವರು ಅನ್ನುವ ಪದ ಇತ್ತು, ಒಟ್ಟು ಅರ್ಥ ‘ದೇವರು ಕಾಪಾಡಲಿ’ ಅಂತ ಅವರಲ್ಲಿ ತುಂಬಾ ಜನರ ಅಭಿಪ್ರಾಯ. ಇಂಥದ್ದೇ ಹೆಸರುಗಳು ಮೆಸೊಪೊಟೇಮಿಯದ ಹಳೆಯ ಮಣ್ಣಿನ ಹಲಗೆಗಳಲ್ಲೂ ಸಿಕ್ಕಿವೆ.

ನೀನು ಚಿಕ್ಕವಳಿದ್ದಾಗ ವಂಶಾವಳಿ ಬಂದರೆ ಪುಟ ಹಾರಿಸುತ್ತಿದ್ದೆ, ನೆನಪಿದೆಯಾ? ಈಗ ನೀನೂ ತಾಯಿ. ಅದೇ ಆದಿಕಾಂಡದಲ್ಲಿ ಬರುವ ಲೇಯಾಳ ಮೊದಲ ನಾಲ್ಕು ಮಕ್ಕಳ ಹೆಸರನ್ನು ಒಂದು ಸಲ ಸಾಲಾಗಿ ಓದು. ಗಂಡನಿಗೆ ಬೇಡವಾದ ಹೆಂಡತಿ ಅವಳು. ಮೊದಲನೆಯವನು ರೂಬೇನ. ಪದ ಬಿಡಿಸಿದರೆ ‘ನೋಡಿ, ಮಗ!’ ಅಂತ ಅಷ್ಟೇ, ಆದರೆ ಅವಳು ಹೇಳಿದ್ದು, ದೇವರು ನನ್ನ ದುಃಖ ನೋಡಿದ, ಇನ್ನಾದರೂ ಗಂಡ ನನ್ನನ್ನು ಪ್ರೀತಿಸಿಯಾನು ಅಂತ. ಎರಡನೆಯವನು ಸಿಮೆಯೋನ, ದೇವರು ಕೇಳಿಸಿಕೊಂಡ. ಮೂರನೆಯವನು ಲೇವಿ, ಈ ಸಲವಾದರೂ ಗಂಡ ನನ್ನ ಜೊತೆ ಕೂಡಿಕೊಳ್ಳುತ್ತಾನೆ. ನಾಲ್ಕನೆಯವನು ಯೆಹೂದ, ಈಗ ದೇವರನ್ನು ಕೊಂಡಾಡುತ್ತೇನೆ. ಇಲ್ಲಿ ಗಂಡನ ಮಾತೇ ಇಲ್ಲ! ಇದನ್ನು ಗಮನಿಸಿದ ದಿನ ನಾನು ಎಷ್ಟೋ ಹೊತ್ತು ಸುಮ್ನೆ ಕೂತಿದ್ದೆ. ರಾಜ ದಾವೀದನ ವಂಶ ಬಂದಿದ್ದು ಈ ಯೆಹೂದನಿಂದಲೇ.

ನಮ್ಮ ಕಡೆ ಹೆಣ್ಣುಮಕ್ಕಳು ಸಾಕು ಅನ್ನಿಸಿದಾಗ ಸಾಕಮ್ಮ ಅಂತ ಇಡುತ್ತಿದ್ದರಲ್ವಾ, ಅಲ್ಲೂ ಹೆತ್ತವರ ಮನಸ್ಸೇ ಹೆಸರಾಗಿದ್ದು. ಲೇಯಾಳ ತಂಗಿ, ಅದೇ ಗಂಡನ ಇನ್ನೊಬ್ಬ ಹೆಂಡತಿ ರಾಹೇಲಳು ಹೆರಿಗೆಯಲ್ಲಿ ಪ್ರಾಣ ಬಿಡುವ ಹೊತ್ತಲ್ಲಿ ಮಗನನ್ನು ಬೆನೋನಿ ಅಂದಳು, ನನ್ನ ದುಃಖದ ಮಗ ಅಂತ. ಆ ಭಾರ ಮಗು ಜೀವನಪೂರ್ತಿ ಹೊರುವುದು ಬೇಡ ಅನ್ನಿಸಿತೋ ಏನೋ, ಅಪ್ಪ ಅದನ್ನು ಬದಲಿಸಿ ಬೆನ್ಯಾಮೀನ, ಬಲಗೈಯ ಮಗ, ಅಂತ ಕರೆದ. ಹಾಗೆ ಬದಲಿಸಿದ ಅಪ್ಪ ಬೇರೆ ಯಾರೂ ಅಲ್ಲ, ನಿನಗೆ ಈಗ ಬೇಡ ಅನ್ನಿಸುತ್ತಿರುವ ಹೆಸರಿನ ಅದೇ ಯಾಕೋಬ.

ಆದಿಕಾಂಡ 29, 35 ಎರಡನ್ನೂ ಓದು, ನಿನ್ನ ಗಂಡನಿಗೂ ಓದಿಸು. ಆಮೇಲೆ ದೀಕ್ಷಾಸ್ನಾನದ ತಾರೀಖು ತಿಳಿಸು, ನಾನು ಮುಂಚಿನ ದಿನವೇ ಬರುತ್ತೇನೆ.

ನಿನ್ನ ದೊಡ್ಡಪ್ಪ