ಎಲ್ ಮಿರಾಡೋರ್‌ಗೆ ಹೊರಟವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಗ್ವಾಟೆಮಾಲಾದ ಕಾಡಿನಲ್ಲಿರುವ ಪ್ರಾಚೀನ ಮಾಯಾ ನಗರ ಎಲ್ ಮಿರಾಡೋರ್ ಚಾರಣಕ್ಕೆ ಹೆಸರು ಕೊಟ್ಟವರು ದಯವಿಟ್ಟು ಇದನ್ನು ಪೂರ್ತಿ ಓದಿ.

ಫ್ಲೋರೆಸ್‌ನಿಂದ ಕಾರ್ಮೆಲಿಟಾ ಹಳ್ಳಿವರೆಗೆ ಗಾಡಿ. ಅಲ್ಲಿಂದಾಚೆ ಬರೀ ಕಾಡುದಾರಿ, ಹೋಗಿ ಬರಲು 5 ದಿನ. ಟೆಂಟು, ಅಡುಗೆ ಸಾಮಾನು ಹೇಸರಗತ್ತೆಗಳ ಮೇಲೆ ಬರುತ್ತವೆ. ನಿಮ್ಮ ಬ್ಯಾಗಿನಲ್ಲಿ ನೀರು, ಟಾರ್ಚು ಇದ್ದರೆ ಸಾಕು, ಸುಮ್ನೆ ಭಾರ ಹೊರಬೇಡಿ. ಮಳೆಗಾಲದಲ್ಲಿ ತಗ್ಗಿನ ದಾರಿಯೆಲ್ಲ ಕೆಸರು, ಅದಕ್ಕೇ ಮಾರ್ಚ್ ತಿಂಗಳು ಇಟ್ಟುಕೊಂಡಿದ್ದೇವೆ. ಆದರೆ ಆಗ ಉಣ್ಣಿ ಕಾಟ ಜಾಸ್ತಿ. ಪ್ಯಾಂಟಿನ ತುದಿ ಸಾಕ್ಸ್ ಒಳಗೆ ಸೇರಿಸಿ. ಮಲಗುವ ಮೊದಲು ಮಂಡಿಯ ಹಿಂದೆ, ಸೊಂಟದ ಸುತ್ತ ಬೆಳಕು ಬಿಟ್ಟು ನೋಡಿಕೊಳ್ಳಿ.

ಅಲ್ಲಿನ ದಾಂತಾ ಪಿರಮಿಡ್ ಮರ ಬೆಳೆದ ಗುಡ್ಡದ ಹಾಗೇ ಕಾಣುತ್ತದೆ. ಎತ್ತರ ಸುಮಾರು 70 ಮೀಟರ್. ಇನ್ನೊಂದು ಮಾಯಾ ನಗರ ಟಿಕಾಲ್‌ನ ಎತ್ತರದ ಗುಡಿಗಳಿಗಿಂತ ಎಷ್ಟೋ ನೂರು ವರ್ಷ ಹಳೆಯದು! ಮರದ ಮೆಟ್ಟಿಲು ಬಿಟ್ಟು ಬೇರೆ ಕಡೆ ಹತ್ತಬೇಡಿ.

ಈಜುವ ಭಂಗಿಯ ಉಬ್ಬುಚಿತ್ರಗಳೂ ಅಲ್ಲಿವೆ. ಅವು ಸುಣ್ಣದ ಗಾರೆಯವು, ಕಲ್ಲಿನಷ್ಟು ಗಟ್ಟಿಯಲ್ಲ. ಸುಮಾರು 2000 ವರ್ಷ ಉಳಿದು ಬಂದಿವೆ, ಯಾರೂ ಮುಟ್ಟಬಾರದು. ಈ ವಿಷಯದಲ್ಲಿ ರಿಯಾಯಿತಿ ಇಲ್ಲ.

ಮಂಡಿನೋವು, ಅಲರ್ಜಿ ಇದ್ದವರು ಭಾನುವಾರದೊಳಗೆ ನನಗೆ ತಿಳಿಸಿ. ಕಾಡಿನ ನಡುವೆ ಆಸ್ಪತ್ರೆ ಸಿಗುವುದಿಲ್ಲ.