ಹಿರಿಯ ಚಾಲಕರ ಕಣ್ಣಿನ ಪರೀಕ್ಷೆ ನಿಜವಾಗಿ ನಡೆಯಲಿ

ಮಾನ್ಯ ಸಂಪಾದಕರೇ,

ನನಗೀಗ 71 ವರ್ಷ. ಕಳೆದ ವರ್ಷ ಚಾಲನಾ ಪರವಾನಗಿಯ ನವೀಕರಣಕ್ಕೆ ಬೇಕಾದ ವೈದ್ಯಕೀಯ ಪ್ರಮಾಣಪತ್ರಕ್ಕಾಗಿ ಒಂದು ಕ್ಲಿನಿಕ್‌ಗೆ ಹೋದಾಗ, ಅಲ್ಲಿನ ವೈದ್ಯರು ನನ್ನ ಕಣ್ಣನ್ನಾಗಲಿ ಕಿವಿಯನ್ನಾಗಲಿ ಪರೀಕ್ಷಿಸದೆ ಎರಡೇ ನಿಮಿಷದಲ್ಲಿ ಸಹಿ ಹಾಕಿ, ಮೊಹರು ಒತ್ತಿ ಕೊಟ್ಟರು. ಕೆಲಸ ಬೇಗ ಮುಗಿಯಿತೆಂದು ನಾನೂ ಸಂತೋಷಪಟ್ಟೆ. ಮನೆಗೆ ಬಂದು ಆ ನಮೂನೆ 1ಎ ಪತ್ರದ ಜೆರಾಕ್ಸ್ ಪ್ರತಿಯನ್ನು ಓದಿದಾಗ, ಒಳ್ಳೆಯ ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟನ್ನು ಅರ್ಜಿದಾರರು ಗುರುತಿಸಬಲ್ಲರೇ ಎಂಬ ಪ್ರಶ್ನೆ ಕಣ್ಣಿಗೆ ಬಿತ್ತು. ಬೀದಿಯಲ್ಲಿ ನಿಂತಿದ್ದ ನೆರೆಮನೆಯ ಕಾರಿನಿಂದ ಟೇಪು ಹಿಡಿದು ಅಷ್ಟು ದೂರ ಅಳೆದು ನೋಡಿದೆ. ಕೊನೆಯ ಅಂಕಿ ಮೂರೋ ಎಂಟೋ ಹೇಳಲಾಗಲಿಲ್ಲ.

ಎರಡೂ ಕಣ್ಣಿಗೆ ಪೊರೆ ಬಂದಿದೆ ಎಂದು ನೇತ್ರತಜ್ಞರು ತಿಳಿಸಿದರು. ರಾತ್ರಿ ಹೊತ್ತು ಎದುರು ವಾಹನದ ದೀಪದ ಸುತ್ತ ಬೆಳಕಿನ ಬಳೆ ಮೂಡಿ ರಸ್ತೆಯೇ ಅಳಿಸಿಹೋದಂತಾಗುತ್ತಿದ್ದುದನ್ನು ಪೂರ್ತಿಯಾಗಿ ಹೈ ಬೀಮ್ ಹಾಕುವವರ ತಪ್ಪೆಂದು ಬೈಯುತ್ತಾ, ಮೊಮ್ಮಗಳನ್ನು ಹಿಂದಿನ ಸೀಟಿನಲ್ಲಿ ಕೂರಿಸಿಕೊಂಡು ನಂಜನಗೂಡು ರಸ್ತೆಯಲ್ಲಿ ಎಷ್ಟೋ ಸಲ ಓಡಾಡಿದ್ದೆ. ಅದನ್ನು ನೆನೆದರೆ ಈಗಲೂ ಎದೆ ನಡುಗುತ್ತದೆ. ಶಸ್ತ್ರಚಿಕಿತ್ಸೆಯ ನಂತರ ಅಂಕಿಗಳು ಸ್ಪಷ್ಟವಾಗಿ ಕಾಣುತ್ತವೆ, ಆದರೂ ಕತ್ತಲಾದ ಮೇಲೆ ಕಾರು ತೆಗೆಯುವುದನ್ನು ಬಿಟ್ಟಿದ್ದೇನೆ.

ನಮ್ಮಲ್ಲಿ ಸ್ವಂತ ವಾಹನ ಓಡಿಸಲು ಗರಿಷ್ಠ ವಯೋಮಿತಿ ಇಲ್ಲ. ಇರಬೇಕೆಂದೂ ನಾನು ಹೇಳುವುದಿಲ್ಲ. ಬ್ಯಾಂಕಿಗೆ, ಆಸ್ಪತ್ರೆಗೆ ಯಾರನ್ನೂ ಕಾಯದೆ ಹೋಗಿಬರುವ ಸ್ವಾತಂತ್ರ್ಯ ಎಷ್ಟು ದೊಡ್ಡದೆಂಬುದು ನನ್ನ ವಯಸ್ಸಿನವರಿಗೆ ಗೊತ್ತು. ಆದರೆ 55 ದಾಟಿದವರ ಪರವಾನಗಿ ಐದೈದು ವರ್ಷಕ್ಕೆ ನವೀಕರಣವಾಗುತ್ತದೆ, ಮತ್ತು ಎಪ್ಪತ್ತರ ನಂತರ ಐದು ವರ್ಷದಲ್ಲಿ ಕಣ್ಣು, ಕತ್ತು, ಮೊಣಕಾಲು ಎಲ್ಲವೂ ಬದಲಾಗಿರುತ್ತವೆ. ಆದ್ದರಿಂದ ಹಿರಿಯರು ವರ್ಷಕ್ಕೊಮ್ಮೆ ತಾವಾಗಿಯೇ ಕಣ್ಣು ತೋರಿಸಿಕೊಳ್ಳಬೇಕು. ಗ್ಲುಕೋಮಾ ಎಂಬ ಕಣ್ಣಿನ ಕಾಯಿಲೆಯಲ್ಲಿ ಪಕ್ಕದ ನೋಟ ನೋವಿಲ್ಲದೆ ಕುಗ್ಗುವುದರಿಂದ ಅದು ನಮ್ಮ ಅರಿವಿಗೇ ಬರುವುದಿಲ್ಲ. ಅಲರ್ಜಿ, ಕೆಮ್ಮು, ನಿದ್ರೆಗೆ ಹೊಸ ಔಷಧಿ ಬರೆದುಕೊಟ್ಟಾಗ, ವಾಹನ ಓಡಿಸಬಹುದೇ ಎಂದು ಅಲ್ಲಿಯೇ ಕೇಳಬೇಕು. ಇನ್ಸುಲಿನ್ ತೆಗೆದುಕೊಳ್ಳುವವರು ಊಟ ತಡವಾದಾಗ ಸ್ಟಿಯರಿಂಗ್ ಮುಟ್ಟಲೇಬಾರದು. ಸಕ್ಕರೆ ಕುಸಿದರೆ ಕೈ ನಡುಗುವುದಷ್ಟೇ ಅಲ್ಲ, ಬುದ್ಧಿಯೂ ಮಂಕಾಗುತ್ತದೆ. ಬಲಕ್ಕೆ ತಿರುಗುವಾಗ ಎದುರಿನಿಂದ ಬರುವ ವಾಹನದ ವೇಗ ಅಂದಾಜಿಗೆ ಸಿಗದಿದ್ದರೆ, ಸ್ವಲ್ಪ ಸುತ್ತಾದರೂ ಸಿಗ್ನಲ್ ಇರುವ ವೃತ್ತದಲ್ಲಿಯೇ ತಿರುಗುವುದು ಕ್ಷೇಮ.

ಸಾರಿಗೆ ಇಲಾಖೆಯಲ್ಲಿ ನನ್ನ ಕೋರಿಕೆ ಇಷ್ಟೇ: 60 ದಾಟಿದವರ ಪ್ರಮಾಣಪತ್ರದಲ್ಲಿ ಎರಡೂ ಕಣ್ಣುಗಳ ದೃಷ್ಟಿಯ ಅಳತೆಯನ್ನು ನೇತ್ರತಜ್ಞರೇ ಪರೀಕ್ಷಿಸಿ ನಮೂದಿಸುವಂತಾಗಲಿ, ಮತ್ತು ಆ ಪರೀಕ್ಷೆ ತಾಲ್ಲೂಕು ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯಲಿ.

– ನಿವೃತ್ತ ಶಿಕ್ಷಕ, ಮೈಸೂರು